ಮನೆಮಂದಿಯೆಲ್ಲ ನಡೆಯುವ ದಾರಿ

ಚಾರಣವೆಂದರೆ ನಮ್ಮ ಕಾಲೇಜಿನ ಮಿತ್ರರಿಗೆ ಕುದುರೆಮುಖ. ತಪ್ಪಿದರೆ ಆಗುಂಬೆಯ ಕಾಡು. ಅದಕ್ಕಿಂತ ಕಡಿಮೆ ಎತ್ತರದ್ದನ್ನು ಚಾರಣವೆಂದು ಒಪ್ಪಲು ಅವರ ಮನಸ್ಸು ಹಿಂಜರಿಯುತ್ತದೆ. ಬೆನ್ನಿಗೊಂದು ಚೀಲ, ಕಾಲಿಗೆ ದಪ್ಪ ತಳದ ಬೂಟು, ಉಂಬಳಕ್ಕೆಂದು ಜೇಬಿನಲ್ಲಿ ಉಪ್ಪಿನ ಪೊಟ್ಟಣ, ಇಷ್ಟಾದರೆ ಅವರು ಸಿದ್ಧ. ಶನಿವಾರ ಹೋಗಿ ಭಾನುವಾರ ಇಳಿದು ಸೋಮವಾರ ಬೆಳಿಗ್ಗೆ ಕುಂಟುತ್ತ ತರಗತಿಗೆ ಬರುವ ಅವರನ್ನು ಕಂಡರೆ ದಂಡಯಾತ್ರೆಯಿಂದ ಮರಳಿದ ವೀರರನ್ನು ಕಂಡಂತಾಗುತ್ತದೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಇದ್ದರೂ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸುವಷ್ಟಿಲ್ಲ. ನನ್ನ ತಕರಾರು ಒಂದೇ. ಆ ಚಾರಣಕ್ಕೆ ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋಗುವಂತಿಲ್ಲ.

ನಮ್ಮ ಮನೆಯ ನಡಿಗೆಯ ತಂಡ ಬೇರೆ ಬಗೆಯದು. ಅದರಲ್ಲಿ ಎಪ್ಪತ್ತಾರು ವರ್ಷದ ಅಜ್ಜಿ ಇದ್ದಾರೆ; ನಾಲ್ಕು ವರ್ಷದ, ಅಕ್ಕನ ಮಗಳು ಇದ್ದಾಳೆ. ಉಳಿದ ನಾವು, ಅಂದರೆ ಅಪ್ಪ, ಅಮ್ಮ, ಅಕ್ಕ, ನಾನು, ರಜೆಯಲ್ಲಿ ಮುಂಬಯಿಯಿಂದ ಬರುವ ಚಿಕ್ಕಪ್ಪ, ಲೆಕ್ಕಕ್ಕೆ ಉಂಟು, ಆಟಕ್ಕೆ ಇಲ್ಲ. ಎಲ್ಲಿಗೆ ಹೋಗಬೇಕು, ಎಲ್ಲಿ ಕುಳಿತುಕೊಳ್ಳಬೇಕು, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಆ ಇಬ್ಬರೇ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬಳಿಗೆ ಕಂಡ ಕಂಡ ಏಡಿಯ ಹಿಂದೆ ಓಡುವ ಚಾಳಿ. ಇಬ್ಬರ ವೇಗವೂ ಒಟ್ಟಿನಲ್ಲಿ ಒಂದೇ ಆಗುತ್ತದೆ. ಮಗು ಅಜ್ಜಿಯನ್ನು ‘ಪಿಜ್ಜಿ’ ಎಂದು ಕರೆಯುತ್ತದೆ; ನಮ್ಮ ಕಡೆ ಮುತ್ತಜ್ಜಿಗೆ ಹಾಗೆನ್ನುವುದು ರೂಢಿ.

ಚಿಕ್ಕಪ್ಪನ ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರವೊಂದಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ತುಂಬದಿದ್ದರೆ ಅವರಿಗೆ ಊಟ ರುಚಿಸದು. ಈ ಹತ್ತು ಸಾವಿರ ಎಲ್ಲಿಂದ ಬಂತೆಂದು ಹುಡುಕಿದೆ. 1965ರಲ್ಲಿ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತಂತೆ. ಹೆಸರು ಚೆನ್ನಾಗಿತ್ತು, ಜನರ ಬಾಯಲ್ಲಿ ನಿಂತಿತು; ವೈದ್ಯಶಾಸ್ತ್ರ ಆಮೇಲೆ ಬಂತು. ಅದಕ್ಕಿಂತ ಕಡಿಮೆ ನಡೆದರೂ ದೇಹಕ್ಕೆ ಪ್ರಯೋಜನವುಂಟೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಇದನ್ನು ಅಜ್ಜಿಗೆ ವಿವರಿಸಿದೆ. ಅವರು ತುಳುವಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: “ಹೆಜ್ಜೆ ಎಣಿಸುವವನು ದಾರಿಯನ್ನು ನೋಡುವುದು ಯಾವಾಗ?”

ಇನ್ನು ದಾರಿಯ ವಿಷಯ. ನಮ್ಮ ಊರು ಉದ್ಯಾವರ, ಉಡುಪಿಯ ದಕ್ಷಿಣಕ್ಕೆ ಹೊಳೆಯ ದಂಡೆಯ ಮೇಲಿದೆ. ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗುವವರಿಗೆ ಅದು ಒಂದು ಸೇತುವೆ ಮತ್ತು ಕಂಡಕ್ಟರನ ಒಂದು ಕೂಗು, ಅಷ್ಟೆ. ಆದರೆ ಇದೇ ಊರು ‘ಉದಯಪುರ’ವೆಂಬ ಹೆಸರಿನಲ್ಲಿ ತುಳುನಾಡನ್ನಾಳಿದ ಆಳುಪರ ರಾಜಧಾನಿಯಾಗಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಮರೆಯಬಾರದು. ಇಲ್ಲಿನ ಶಂಭುಕಲ್ಲು ದೇವಸ್ಥಾನದಲ್ಲಿಯೂ ಆಸುಪಾಸಿನಲ್ಲಿಯೂ ದೊರೆತ ಹಳಗನ್ನಡ ಶಾಸನಗಳನ್ನು ಕಳೆದ ಶತಮಾನದ ಆರಂಭದಲ್ಲಿ ಶಾಸನತಜ್ಞ ಹುಲ್ಷ್ ಅವರು ಓದಿ ಪ್ರಕಟಿಸಿದರು. ಅವುಗಳಲ್ಲಿ ಹಲವು ವೀರಗಲ್ಲುಗಳು. ರಣಸಾಗರ, ಚಿತ್ರವಾಹನ ಮೊದಲಾದ ಅರಸರು ಈ ಊರಿಗಾಗಿ ತಮ್ಮೊಳಗೇ ಕಾದಾಡಿದ ಕಾಲದಲ್ಲಿ ಮಡಿದ ಯೋಧರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಅರಸರ ಹೆಸರು ಕಲ್ಲಿನಲ್ಲಿ ಉಳಿಯಿತು. ಅವರ ಕಾಲಾಳುಗಳು ನಡೆದು ಬಂದ ದಾರಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ದಾರಿಯ ಹಣೆಬರಹವೇ ಅಂಥದು. ನಡೆಯುವವರಿದ್ದಷ್ಟು ದಿನ ಅದು ಇರುತ್ತದೆ.

ನಮ್ಮ ಮೊದಲನೆಯ ದಾರಿ ಮನೆಯ ಅಂಗಳದಿಂದಲೇ ಹೊರಡುತ್ತದೆ. ತೆಂಗಿನ ತೋಟ ದಾಟಿದರೆ ಬೇಲಿಯಲ್ಲೊಂದು ತಡಮೆ. ಘಟ್ಟದ ಮೇಲಿನ ಮಿತ್ರರಿಗಾಗಿ ಹೇಳುತ್ತೇನೆ: ತಡಮೆಯೆಂದರೆ ಮನುಷ್ಯನಿಗೆ ದಾರಿ, ದನಕ್ಕೆ ತಡೆ. ಅದನ್ನು ಹತ್ತಿ ಇಳಿದರೆ ಗದ್ದೆಯ ಕಟ್ಟಪುಣಿ. ತೋಡಿಗೆ ಅಡ್ಡವಾಗಿ ಒಂದು ಸಂಕ. ಆಮೇಲೆ ಕಾಂಡ್ಲದ ಗಿಡಗಳ ಸಾಲು, ಅದರಾಚೆ ಹೊಳೆ. ದೊಡ್ಡವನೊಬ್ಬ ಹತ್ತು ನಿಮಿಷದಲ್ಲಿ ನಡೆಯುವ ಈ ದಾರಿಗೆ ನಮ್ಮ ತಂಡಕ್ಕೆ ಮುಕ್ಕಾಲು ಗಂಟೆ ಬೇಕು. ಇಳಿತದ ಹೊತ್ತಾದರೆ ಹೆಂಗಸರು ನೀರಿಗಿಳಿದು ಮರುವಾಯಿ ಹೆಕ್ಕುತ್ತಿರುತ್ತಾರೆ. ಅಜ್ಜಿ ಅವರಲ್ಲಿ ಒಬ್ಬೊಬ್ಬರನ್ನೂ ಮಾತನಾಡಿಸದೆ ಮುಂದೆ ಹೋಗುವವರಲ್ಲ.

ಒಂದು ದಿನ ಮಗು ನೀರನ್ನೇ ನೋಡುತ್ತಿದ್ದು, “ಪಿಜ್ಜಿ, ಹೊಳೆ ಯಾಕೆ ಹಿಂದೆ ಹೋಗುತ್ತಿದೆ?” ಎಂದು ಕೇಳಿತು. ಉಬ್ಬರದ ಹೊತ್ತು, ಕಡಲಿನ ನೀರು ಹೊಳೆಯೊಳಕ್ಕೆ ಏರುತ್ತಿತ್ತು. ದಿನಕ್ಕೆರಡು ಸಲ ಚಂದ್ರನ ಸೆಳೆತದಿಂದ ಹೀಗಾಗುತ್ತದೆಂದು ನಾನು ಉಪನ್ಯಾಸಕ್ಕೆ ತೊಡಗುವಷ್ಟರಲ್ಲಿ ಅಜ್ಜಿ ಹೇಳಿದರು: “ಕಡಲು ಎದುರುಗೊಳ್ಳಲಿಕ್ಕೆ ಬಂತು ಮಗಾ. ನಾವು ನೆಂಟರ ಮನೆಗೆ ಹೋದರೆ ಅವರು ಅಂಗಳದವರೆಗೆ ಬರುವುದಿಲ್ಲವಾ, ಹಾಗೆ.” ಮಗುವಿಗೆ ಸಮಾಧಾನವಾಯಿತು. ನನ್ನ ಚಂದ್ರ ನನ್ನಲ್ಲೇ ಉಳಿದ.

ಎರಡನೆಯ ದಾರಿ ಹೊಳೆಯಾಚೆಗಿನದು. ನಮ್ಮ ಹೊಳೆಗೆ, ಪಾಪನಾಶಿನಿ ಎಂಬ ಹೆಸರೂ ಇರುವ ಈ ಹೊಳೆಗೆ, ಒಂದು ವಿಚಿತ್ರ ಸ್ವಭಾವವಿದೆ. ಪೂರ್ವದಿಂದ ಹರಿದು ಬಂದು ಕಡಲು ಇನ್ನೇನು ಸಿಕ್ಕಿತು ಎನ್ನುವಲ್ಲಿ ಅದು ಉತ್ತರಕ್ಕೆ ತಿರುಗಿಬಿಡುತ್ತದೆ. ಕಡಲಿಗೆ ಸಮಾನಾಂತರವಾಗಿ ಕೆಲವು ಕಿಲೋಮೀಟರು ಹೋಗಿ ಮಲ್ಪೆಯಲ್ಲಿ ಸೇರುತ್ತದೆ. ನಡುವೆ ಉಳಿದದ್ದು ಮಟ್ಟುವಿನಿಂದ ಪಡುಕೆರೆಯವರೆಗೆ ಚಾಚಿದ ಒಂದು ಮರಳ ಪಟ್ಟಿ. ಅದರ ಮೇಲೆ ತೆಂಗು, ಮನೆ, ಶಾಲೆ, ಗುಡಿ, ಭಜನಾಮಂದಿರ ಎಲ್ಲವೂ ಇವೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಕೆಲವೆಡೆ ನಿಂತಲ್ಲಿಂದಲೇ ಎರಡೂ ಕಾಣುತ್ತವೆ. ಒಂದು ಕಿವಿಯಲ್ಲಿ ತೆರೆಯ ಸದ್ದು, ಇನ್ನೊಂದರಲ್ಲಿ ಹುಟ್ಟಿನ ಸದ್ದು. ಏರಿಲ್ಲ, ಇಳಿಜಾರಿಲ್ಲ. ಮಂಡಿನೋವಿನವರಿಗೆ ಇದಕ್ಕಿಂತ ಹೇಳಿಸಿದ ದಾರಿಯನ್ನು ಸೃಷ್ಟಿಕರ್ತನೇ ಕುಳಿತು ಯೋಚಿಸಿದರೂ ಮಾಡಲಾರನು.

ದಾರಿಯ ದಕ್ಷಿಣ ತುದಿಯ ಮಟ್ಟುವಿನಲ್ಲಿ ಗುಳ್ಳದ ಗದ್ದೆಗಳಿವೆ. ತಿಳಿಹಸುರು ಮೈಗೆ ಬಿಳಿಗೆರೆ, ತೊಟ್ಟಿನಲ್ಲಿ ಮುಳ್ಳು ಇರುವ ಈ ದುಂಡು ಬದನೆಯ ಬೀಜವನ್ನು ವಾದಿರಾಜ ಯತಿಗಳು ಊರವರಿಗೆ ಕೊಟ್ಟರೆಂಬುದು ಪರಂಪರೆಯ ಮಾತು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಮನೆಮಂದಿಯ ನಡಿಗೆಯಲ್ಲಿ ಇದೊಂದು ಅನುಕೂಲ: ಹೋಗುವಾಗ ಹರಟೆ, ಬರುವಾಗ ಸಾಂಬಾರಿಗೆ ಗುಳ್ಳ. ಕುದುರೆಮುಖದಿಂದ ಯಾರೂ ಸಾಂಬಾರಿಗೆ ಏನನ್ನೂ ತಂದದ್ದನ್ನು ನಾನು ಕೇಳಿಲ್ಲ.

ಅಜ್ಜಿಗೆ ಈ ದಾರಿಯ ಮೇಲೆ ಇರುವ ಪ್ರೀತಿಗೆ ಬೇರೆ ಕಾರಣವಿದೆ. ಪಡುಕೆರೆ ಅವರ ತವರು. ಐವತ್ತೆಂಟು ವರ್ಷಗಳ ಹಿಂದೆ ಮದುಮಗಳಾಗಿ ದೋಣಿಯಲ್ಲಿ ಹೊಳೆ ದಾಟಿ, ದಂಡೆಯಿಂದ ಕಟ್ಟಪುಣಿಯ ಮೇಲೆ ನಡೆದು, ಅದೇ ತಡಮೆಯನ್ನು ಹತ್ತಿ ಇಳಿದು ನಮ್ಮ ಅಂಗಳಕ್ಕೆ ಬಂದವರು ಅವರು. ಈಗ ಹೊಳೆಗೆ ಸೇತುವೆಗಳಾಗಿವೆ. ರಿಕ್ಷಾ ತವರಿನ ಬಾಗಿಲಿಗೇ ಹೋಗುತ್ತದೆ. ಆದರೂ ಸುತ್ತು ಹಾಕಿ ಹೋಗುವ ರಿಕ್ಷಾವನ್ನು ಅವರು ದಾರಿಯ ಅರ್ಧದಲ್ಲಿ ನಿಲ್ಲಿಸಿ ಇಳಿಯುತ್ತಾರೆ. “ರಿಕ್ಷಾದಲ್ಲಿ ಹೋದರೆ ಮನೆ ಸಿಗುತ್ತದೆ, ಊರು ಸಿಗುವುದಿಲ್ಲ” ಎಂಬುದು ಅವರ ವಾದ. ಆ ಉಳಿದರ್ಧ ದಾರಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ, ಯಾರ ಮಗ ದುಬಾಯಿಯಿಂದ ಬಂದ, ಯಾವ ದೋಣಿಗೆ ಎಷ್ಟು ಬಂಗುಡೆ ಬಿತ್ತು ಎಂಬ ವರ್ತಮಾನವೆಲ್ಲ ಸಂಗ್ರಹವಾಗುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬರುವ ದಿನಪತ್ರಿಕೆಗಳಲ್ಲಿ ಇದಾವುದೂ ಇರುವುದಿಲ್ಲ.

ಮೂರನೆಯ ದಾರಿಗೆ ಸ್ವಲ್ಪ ಉಸಿರು ಬೇಕು. ಕಟಪಾಡಿಯಿಂದ ಶಿರ್ವದ ಕಡೆಯ ಬಸ್ಸು ಹತ್ತಿ ಶಂಕರಪುರದಲ್ಲಿ ಇಳಿದರೆ, ಮಲ್ಲಿಗೆಯ ಗಿಡಗಳ ನಡುವೆ ನಡೆಯುತ್ತ ಕುಂಜಾರುಗಿರಿಗೆ ಹೋಗಬಹುದು. ಬೆಳಗಿನ ಹೊತ್ತಾದರೆ ಜಗಲಿಗಳಲ್ಲಿ ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ಏರಿದ ದಿನ ಆ ಜಗಲಿಗಳಲ್ಲಿ ನಗು ಜಾಸ್ತಿ. ಬೆಟ್ಟದ ಮೇಲೆ ದುರ್ಗೆಯ ಗುಡಿ, ಏರಲು ಮೆಟ್ಟಿಲುಗಳಿವೆ. ಸುತ್ತಲೂ ಪರಶು, ಧನುಸ್, ಬಾಣ, ಗದಾ ಎಂಬ ನಾಲ್ಕು ತೀರ್ಥಗಳು. ಅಜ್ಜಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತುಕೊಳ್ಳುತ್ತಾರೆ. ಮಗು ಆ ಇಪ್ಪತ್ತನ್ನು ಮೂರು ಸಲ ಹತ್ತಿ ಇಳಿಯುತ್ತದೆ. ಒಟ್ಟು ಲೆಕ್ಕದಲ್ಲಿ ತಂಡ ಸರಿಸಮವಾಗಿಯೇ ಮೇಲೇರುತ್ತದೆ. ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ತೆಂಗಿನ ತಲೆಗಳ ಆಚೆ ಕಡಲು ಒಂದು ಗೆರೆಯಾಗಿ ಕಾಣುತ್ತದೆ.

ಬೆಟ್ಟದ ಬದಿಯಲ್ಲೇ ಪಾಜಕ, 1238ರಲ್ಲಿ ಮಧ್ವಾಚಾರ್ಯರು ಹುಟ್ಟಿದ ಊರು. ಅವರ ಚರಿತ್ರೆಯನ್ನು ಹೇಳುವ ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಒಂದು ಪ್ರಸಂಗ ಬರುತ್ತದೆ. ಬಂಧುಗಳ ಮನೆಯ ಸಮಾರಂಭದ ಗದ್ದಲದಲ್ಲಿ ಬಾಲಕ ವಾಸುದೇವ ಕಾಣದಾಗುತ್ತಾನೆ. ಒಬ್ಬನೇ ಗುಡಿಯಿಂದ ಗುಡಿಗೆ ನಡೆಯುತ್ತ ಹೋದ ಮಗುವನ್ನು ತಂದೆ ದಾರಿಹೋಕರನ್ನು ವಿಚಾರಿಸುತ್ತ ಹುಡುಕಿ, ಕೊನೆಗೆ ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಕಾಣುತ್ತಾರೆ. ಭಕ್ತರು ಇದರಲ್ಲಿ ಮಹಿಮೆಯನ್ನು ಕಾಣುತ್ತಾರೆ. ನನಗೆ ಅದರೊಡನೆ ಇನ್ನೊಂದು ಸಂಗತಿಯೂ ಕಾಣುತ್ತದೆ: ಪುಟ್ಟ ಮಗುವೊಂದು ಒಂಟಿಯಾಗಿ ನಡೆದುಹೋಗಬಹುದಾದ ದಾರಿ ಆ ಕಾಲಕ್ಕೆ ಈ ನಾಡಿನಲ್ಲಿತ್ತು, ಕೇಳಿದರೆ “ಈ ಕಡೆ ಹೋಯಿತು” ಎನ್ನುವ ಜನ ಆ ದಾರಿಯಲ್ಲಿದ್ದರು. ಈಗ ನಮ್ಮ ಮಗುವಿನ ಕೈಯನ್ನು ಹೆದ್ದಾರಿಯ ಅಂಚಿನಲ್ಲಿ ಬಿಡುವ ಧೈರ್ಯ ಯಾರಿಗಿದೆ?

ಹೊರಗಿನಿಂದ ಬಂದ ನೆಂಟರಿಗೆ ಇನ್ನೆರಡು ಜಾಗಗಳನ್ನು ಹೇಳುತ್ತೇನೆ. ಕಾಪುವಿನ ಕಡಲತಡಿಯಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸಂಜೆ ಮರಳಿನ ಮೇಲೆ ನಡೆದು ಬಂಡೆಯೇರಿದರೆ ಮಕ್ಕಳಿಗೆ ಬೆಟ್ಟವನ್ನೇ ಹತ್ತಿದ ಗತ್ತು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನ ಬೆಟ್ಟವಿದೆ. ಹತ್ತಿರದಲ್ಲೇ 1586ರ ಚತುರ್ಮುಖ ಬಸದಿ. ಬೋಳು ಬಂಡೆಯಾದುದರಿಂದ ಬೆಳಿಗ್ಗೆ ಬಿಸಿಲೇರುವ ಮೊದಲೇ ಹತ್ತಿ ಇಳಿಯುವುದು ಜಾಣತನ. ಈ ಎಲ್ಲ ನಡಿಗೆಗೂ ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಮೇಲು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ, ಕಡಲಿನಲ್ಲಿ ಅಬ್ಬರ. ಅಜ್ಜಿಯರನ್ನೂ ಮಕ್ಕಳನ್ನೂ ಮನೆಯಲ್ಲಿ ಹಪ್ಪಳದೊಡನೆ ಕೂರಿಸುವುದೇ ಕ್ಷೇಮ.

ಇಷ್ಟನ್ನು ಬರೆದು ಮುಗಿಸಿದ್ದರೆ ಇದೊಂದು ಪ್ರವಾಸಿ ಕೈಪಿಡಿಯಾಗುತ್ತಿತ್ತು. ಆದರೆ ಕಳೆದ ವರ್ಷ ನಮ್ಮ ಮೊದಲನೆಯ ದಾರಿಗೇ ಸಂಚಕಾರ ಬಂತು. ಗದ್ದೆಯಾಚೆಗಿನ ಜಾಗವೊಂದು ಕೈ ಬದಲಾಯಿತು. ಹೊಸ ಯಜಮಾನರು ಪರವೂರಿನಲ್ಲಿರುವವರು. ಒಂದು ಸೋಮವಾರ ಕೆಂಪುಕಲ್ಲಿನ ಲಾರಿಗಳು ಬಂದು ನಿಂತವು. ಗೋಡೆಯ ಪಂಚಾಂಗ ನೇರವಾಗಿ ನಮ್ಮ ಕಾಲುದಾರಿಯನ್ನು ದಾಟಿ ಹೋಗುತ್ತಿತ್ತು.

ಅಪ್ಪ ಪರಿಚಯದ ವಕೀಲರೊಬ್ಬರನ್ನು ಕಂಡು ಬಂದರು. ಅವರು ಹೇಳಿದ ವಿಷಯ ನಮಗೆಲ್ಲ ಹೊಸದು. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ ಅಂದಿನ ಮದರಾಸು ಪ್ರಾಂತದಲ್ಲಿ, ಎಂದರೆ ನಮ್ಮ ಕರಾವಳಿಯಲ್ಲಿಯೂ, ಆ ವರ್ಷದ ಜುಲೈ 1ರಿಂದಲೇ ಜಾರಿಗೆ ಬಂದದ್ದು. ಒಬ್ಬರ ಜಾಗದ ಮೂಲಕ ಇನ್ನೊಬ್ಬರು ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ತಮ್ಮ ಹಕ್ಕೆಂದು ನಡೆದು ಬಂದಿದ್ದರೆ ಆ ದಾರಿ ಅವರ ಹಕ್ಕಾಗುತ್ತದೆಂದು ಅದು ಹೇಳುತ್ತದೆ. ಅದೇ ಕಾಯಿದೆಯ ಇನ್ನೊಂದು ಮಗ್ಗುಲೂ ಇದೆ: ಇಪ್ಪತ್ತು ವರ್ಷ ಯಾರೂ ನಡೆಯದೆ ಬಿಟ್ಟರೆ ಆ ಹಕ್ಕು ಅಳಿದುಹೋಗುತ್ತದೆ. ನಡೆದರೆ ದಾರಿ, ನಡೆಯದಿದ್ದರೆ ಬೇಲಿ. ಕಾಯಿದೆಯ ಪುಸ್ತಕಗಳಲ್ಲಿ ಇಷ್ಟು ಸರಳವಾದ ಸತ್ಯ ಅಡಗಿರುತ್ತದೆಂದು ನಾನು ಎಣಿಸಿರಲಿಲ್ಲ.

ದಾರಿಗಾಗಿ ಜನ ಬೇರೆಡೆಯೂ ಹೆಣಗಿದ್ದಾರೆ. 1932ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕ ಯುವತಿಯರು, ಜಮೀನುದಾರರ ನಿಷೇಧವನ್ನು ಲೆಕ್ಕಿಸದೆ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಗುಂಪಾಗಿ ಏರಿದರು. ಕೆಲವರು ಅದಕ್ಕಾಗಿ ಸೆರೆಮನೆ ಕಂಡರು. 1949ರಲ್ಲಿ ಅಲ್ಲಿನ ಪಾರ್ಲಿಮೆಂಟು ಊರೂರಿನ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸುವ ಕಾಯಿದೆಯನ್ನು ಮಾಡಿತು. ನಮ್ಮಲ್ಲಿ ನೂರಾರು ಜನ ಸೇರಲಿಲ್ಲ, ಸೇರಿದ್ದು ಇಬ್ಬರು.

ಯಜಮಾನರು ಕೆಲಸ ನೋಡಲು ಬಂದ ದಿನ, ಅಪ್ಪ ಕಾಗದಪತ್ರ ಹುಡುಕುತ್ತಿರುವಾಗಲೇ, ಅಜ್ಜಿ ಮಗುವಿನ ಕೈಹಿಡಿದು ಎಂದಿನಂತೆ ನಡಿಗೆಗೆ ಹೊರಟುಬಿಟ್ಟರು. ಗೋಡೆ ಆಗಲೇ ಮೊಳಕಾಲೆತ್ತರ ಬಂದಿತ್ತು. ಅಜ್ಜಿ ಅದರ ಮೇಲೆ ಕುಳಿತು ಸುಧಾರಿಸಿಕೊಂಡರು. ಯಜಮಾನರು ಹತ್ತಿರ ಬಂದು, “ಎಲ್ಲಿಗೆ ಹೋಗಬೇಕಮ್ಮ?” ಎಂದು ವಿನಯದಿಂದಲೇ ಕೇಳಿದರು. “ತವರಿಗೆ” ಎಂದರು ಅಜ್ಜಿ, ಹೊಳೆಯಾಚೆ ಕೈ ತೋರಿಸಿ. ಈ ದಾರಿಯಲ್ಲಿ ಎಷ್ಟು ಕಾಲದಿಂದ ನಡೆಯುತ್ತಿದ್ದೀರೆಂದು ಅವರು ಕೇಳಿದ್ದಕ್ಕೆ ಐವತ್ತೆಂಟು ವರ್ಷದ ಲೆಕ್ಕವನ್ನು, ಮದುವೆ ದಿನದ ಮಳೆಯನ್ನೂ ಸೇರಿಸಿ, ಹೇಳಿದರು. ಆಮೇಲೆ ಅಂದ ಮಾತು ಇದು: “ಗೋಡೆ ಕಟ್ಟು ಮಗಾ, ಬೇಡ ಅನ್ನುವುದಿಲ್ಲ. ಕಳ್ಳರು ಹಾರದಷ್ಟು ಎತ್ತರ ಕಟ್ಟು. ನನಗೊಂದು ತಡಮೆ ಬಿಡು.”

ಆ ಮನುಷ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೇಸ್ತ್ರಿಯನ್ನು ಕರೆದರು. ತಲೆಹೊರೆ ಹೊತ್ತ ಒಬ್ಬಳು ಸಲೀಸಾಗಿ ಹಾದುಹೋಗುವಷ್ಟು ಅಗಲದ ಸಂದು ಆ ಗೋಡೆಯಲ್ಲಿ ಇಂದಿಗೂ ಇದೆ. ಅಪ್ಪನ ಕಾಯಿದೆ ಜೇಬಿನಲ್ಲೇ ಉಳಿಯಿತು.

ಆದರೆ ನಮ್ಮ ವಠಾರದಲ್ಲೇ ಹೊಳೆಗಿಳಿಯುವ ಇನ್ನೆರಡು ಕಾಲುದಾರಿಗಳು ಇದೇ ಅವಧಿಯಲ್ಲಿ ಮುಚ್ಚಿಹೋದವು. ಅಲ್ಲಿಯೂ ಗೋಡೆ ಬಂತು. ಅಲ್ಲಿ ಗೋಡೆಯ ಮೇಲೆ ಬಂದು ಕುಳಿತುಕೊಳ್ಳುವವರು ಯಾರೂ ಇರಲಿಲ್ಲ. ಗದ್ದೆ ಹಡಿಲು ಬಿದ್ದಿತ್ತು, ಮಕ್ಕಳು ಶಾಲೆಯ ಬಸ್ಸಿನಲ್ಲಿ ಹೋಗುತ್ತಿದ್ದರು, ದೊಡ್ಡವರಿಗೆ ಸ್ಕೂಟರಿತ್ತು. ದಾರಿ ಸತ್ತು ಬಹಳ ದಿನವಾಗಿತ್ತು. ಗೋಡೆ ಅದರ ಮೇಲೆ ಕಟ್ಟಿದ ಸಮಾಧಿ ಮಾತ್ರ. ಹಾಗೆ ನೋಡಿದರೆ ದಾರಿಯನ್ನು ಉಳಿಸುವವರು ಬಲವಾದ ಕಾಲಿನವರಲ್ಲ. ಅವರಿಗೆ ಹೆದ್ದಾರಿಯೂ ಆದೀತು, ಸುತ್ತುದಾರಿಯೂ ಆದೀತು. ಬೇರೆ ದಾರಿಯಿಲ್ಲದ ಮುದುಕಿಯೂ ಬೇರೆ ದಾರಿ ಬೇಡವೆನ್ನುವ ಮಗುವೂ ನಡೆಯುವಷ್ಟು ಕಾಲ ಮಾತ್ರ ಊರಿನ ದಾರಿ ಊರಿನದಾಗಿರುತ್ತದೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ರಜೆಯಲ್ಲಿ ಘಟ್ಟ ಹತ್ತುವವರು ಧಾರಾಳವಾಗಿ ಹತ್ತಿ ಬನ್ನಿ. ಬಂದ ಮೇಲೆ ಒಂದು ಭಾನುವಾರವನ್ನು ಉಳಿಸಿಟ್ಟುಕೊಂಡು, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರನ್ನು ಮುಂದಿಟ್ಟುಕೊಂಡು ಹೊರಡಿ. ಬಸ್ಸು ಬೇಡ, ಬೂಟು ಬೇಡ. ಒಂದು ಕೊಡೆ, ಒಂದು ಬಾಟಲಿ ನೀರು ಸಾಕು. ಅವರು ಎಲ್ಲಿ ಕುಳಿತುಕೊಳ್ಳುತ್ತಾರೋ ಅಲ್ಲಿ ಕುಳಿತುಕೊಳ್ಳಿ, ಯಾರನ್ನು ಮಾತನಾಡಿಸುತ್ತಾರೋ ಅವರನ್ನು ಮಾತನಾಡಿಸಿ. ನಿಮ್ಮೂರಿನಲ್ಲಿ ಎಷ್ಟು ತಡಮೆಗಳು ಇನ್ನೂ ಉಳಿದಿವೆಯೆಂದು ಆ ಸಂಜೆ ನಿಮಗೆ ತಿಳಿಯುತ್ತದೆ. ಉಳಿದಷ್ಟು ನಿಮ್ಮ ನಡಿಗೆಯಿಂದ ಇನ್ನಷ್ಟು ಕಾಲ ಉಳಿಯುತ್ತವೆ.